ವೈಟ್ ವೈನಿನ ಹುಳಿ ಗುಣವಾ, ದೋಷವಾ? ರುಚಿ ನೋಡುವ ಕ್ರಮ ಹೇಳಿ

ಕೊಟ್ಟಾರದ ಕುತೂಹಲಿ:

ಶನಿವಾರ ನಾವು ಆರು ಮಂದಿ ಸೇರಿ ಎರಡು ಬಾಟ್ಲಿ ವೈಟ್ ವೈನ್ ರುಚಿ ನೋಡುವ ಅಂತ ಉಂಟು. ಒಂದು ಸಾವಿನ್ಯೋನ್ ಬ್ಲಾಂಕ್, ಇನ್ನೊಂದು ಶೆನಿನ್ ಬ್ಲಾಂಕ್, ಎರಡೂ ದ್ರಾಕ್ಷಿ ಜಾತಿಯ ಹೆಸರು. ಆರೂ ಮಂದಿಗೆ ಗೊತ್ತಿರುವ ವೈನ್ ಅಂದ್ರೆ ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಹಾಕುವ ಸಿಹಿ ದ್ರಾಕ್ಷಿ ವೈನ್ ಮಾತ್ರ. ಹಾಗಾಗಿ ಮೊದಲ ಗುಟುಕಿಗೇ "ಇದು ಹುಳಿ ಬಂದಿದೆ, ಚೆಲ್ಲಿ" ಅಂತ ಯಾರಾದರೂ ಹೇಳೇ ಹೇಳ್ತಾರೆ. ಬಾಟ್ಲಿ ಮೇಲೆ ನೋಡಿದ್ರೆ "ಕ್ರಿಸ್ಪ್" ಅಂತ ಬರೆದಿರ್ತದೆ. ಆ ಪದ ಕೇಳಿದ್ರೆ ನನಗೆ ಹಪ್ಪಳ ನೆನಪಾಗುದು.

ಈ ಹುಳಿ ಇರಬೇಕಾದ ಹುಳಿಯಾ, ಹಾಳಾದ ಹುಳಿಯಾ ಅಂತ ಗುರುತಿಸುದು ಹೇಗೆ? ಎಷ್ಟು ತಣ್ಣಗೆ ಮಾಡ್ಬೇಕು, ಎಂಥ ಗ್ಲಾಸ್ ಬೇಕು? ಜೊತೆಗೆ ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ ಮಾಡುವ ಅಂದಾಜು. ಗೊತ್ತಿದ್ದವರು ಬಿಡಿಸಿ ಹೇಳಿ ಮಾರಾಯ್ರೆ.

ಪುನರ್ಪುಳಿ:

ಕ್ರಿಸ್ಪ್ ಎಂದರೆ ಚುರುಕು ಹುಳಿ, ಅಷ್ಟೆ. ಹುಣಸೆ, ನಿಂಬೆ, ಬಿಂಬುಳಿ, ಮಾವಿನಕಾಯಿ, ಮಜ್ಜಿಗೆ ಇವುಗಳ ಹುಳಿ ಒಂದೇ ಅಲ್ಲ ಎಂದು ನಮ್ಮ ಕಡೆಯ ನಾಲಿಗೆಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ತಿಳಿವಳಿಕೆಯನ್ನು ಗ್ಲಾಸಿಗೆ ತನ್ನಿ.

ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲ. ಒಂದು ಟಾರ್ಟಾರಿಕ್, ಹುಣಸೆಹಣ್ಣಿನ ಹುಳಿಯೂ ಇದೇ. ಇನ್ನೊಂದು ಮ್ಯಾಲಿಕ್, ಹಸಿರು ಸೇಬು ಕಚ್ಚಿದಾಗ ದವಡೆ ಬಿಗಿಯುತ್ತದಲ್ಲ, ಆ ಹುಳಿ. ಎಷ್ಟೋ ವೈನ್‌ಗಳಲ್ಲಿ ಹುದುಗು ಬಂದ ಮೇಲೆ ಒಂದು ಜಾತಿಯ ಬ್ಯಾಕ್ಟೀರಿಯಾ ಈ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಗಿ ಬದಲಿಸುತ್ತದೆ. ಲ್ಯಾಕ್ಟಿಕ್ ಮೊಸರಿನ ಹುಳಿ, ಮೆತ್ತಗೆ. ಜೊತೆಗೆ ಸ್ವಲ್ಪ ಬೆಣ್ಣೆಯ ಪರಿಮಳವೂ ಬರುತ್ತದೆ. ಕ್ರಿಸ್ಪ್ ವೈನ್ ಬೇಕಾದವರು ಇದಕ್ಕೆ ಅವಕಾಶ ಕೊಡುವುದಿಲ್ಲ. ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗಿಟ್ಟು, ಸಲ್ಫರ್ ಡೈಆಕ್ಸೈಡ್ ಹಾಕಿ, ಸೋಸಿ, ಬೇಗ ಬಾಟ್ಲಿಗೆ ತುಂಬುತ್ತಾರೆ. ಇಂಥ ವೈನಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 6ರಿಂದ 8 ಗ್ರಾಂ ಆಮ್ಲ ಇರುತ್ತದೆ, ಪಿಎಚ್ 3.0ರಿಂದ 3.4ರ ಒಳಗೆ.

ಈಗ ನಿಮ್ಮ ಪ್ರಶ್ನೆಯ ತಿರುಳು. ಟಾರ್ಟಾರಿಕ್, ಮ್ಯಾಲಿಕ್ ಎರಡೂ ಆವಿಯಾಗುವುದಿಲ್ಲ, ಆದ್ದರಿಂದ ಮೂಗಿಗೆ ಸಿಗುವುದಿಲ್ಲ. ವಿನೆಗರಿನ ಅಸಿಟಿಕ್ ಆಮ್ಲ ಆವಿಯಾಗುತ್ತದೆ. ಬಾಯಿಗೆ ಹಾಕುವ ಮೊದಲು ಮೂಸಿ. ಮೂಗಿನಲ್ಲೇ ವಿನೆಗರಿನ ಚುಚ್ಚು ಅಥವಾ ನೈಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ ಬಂದರೆ ವೈನ್ ಕೆಟ್ಟಿದೆ. ಮೂಗಿಗೆ ಹಣ್ಣು, ಹುಲ್ಲು, ನಿಂಬೆಸಿಪ್ಪೆ ಬಂದು, ನಾಲಿಗೆಗೆ ಮಾತ್ರ ಹುಳಿ ಹತ್ತಿದರೆ ಅದು ಇರಬೇಕಾದ ಹುಳಿ. ಎಳೆಯ ವೈನಿನಲ್ಲಿ ಉಳಿದ ಸ್ವಲ್ಪ ಗ್ಯಾಸ್ ನಾಲಿಗೆಯ ತುದಿಯಲ್ಲಿ ಚುಮುಚುಮು ಅನ್ನಿಸಬಹುದು, ಅದಕ್ಕೆ ಹೆದರಬೇಡಿ.

ಶನಿವಾರಕ್ಕೆ ಮೊದಲು ಆರು ಜನರೂ ಒಂದು ತಾಲೀಮು ಮಾಡಿ. ತಲಾ 200 ಮಿಲಿ ನೀರಿನ ನಾಲ್ಕು ಲೋಟ. ಮೊದಲನೆಯದಕ್ಕೆ 5 ಮಿಲಿ ನಿಂಬೆರಸ, ಎರಡನೆಯದಕ್ಕೆ 12, ಮೂರನೆಯದಕ್ಕೆ 25. ನಾಲ್ಕನೆಯದಕ್ಕೂ 25, ಜೊತೆಗೆ ಒಂದು ಟೀ ಚಮಚ ಸಕ್ಕರೆ ಕರಗಿಸಿ. ಮೂರನೆಯ ಲೋಟದ ಆಮ್ಲದ ಪ್ರಮಾಣ ವೈನಿಗೆ ಹತ್ತಿರ. ಒಂದೊಂದು ಗುಟುಕು ನುಂಗಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಾಯಲ್ಲಿ ನೀರೂರುವುದು ಎಷ್ಟು ಸೆಕೆಂಡ್ ನಿಲ್ಲುತ್ತದೆ ಎಂದು ಎಣಿಸಿ. ಹುಳಿ ಹೆಚ್ಚಾದಂತೆ ಎಣಿಕೆ ಏರುತ್ತದೆ. ನಾಲ್ಕನೆಯ ಲೋಟ ನಾಲಿಗೆಗೆ ಮೆತ್ತಗೆ ಅನ್ನಿಸುತ್ತದೆ, ಆದರೆ ನೀರೂರುವುದು ಸುಮಾರು ಮೂರನೆಯದರಷ್ಟೇ. ಸಕ್ಕರೆ ಹುಳಿಯನ್ನು ಮುಚ್ಚಿಡುತ್ತದೆ, ತೆಗೆಯುವುದಿಲ್ಲ. ನಿಮ್ಮ ಶೆನಿನ್ ಬ್ಲಾಂಕ್ ನಾಲ್ಕನೆಯ ಲೋಟದ ಕಡೆಯದು ಇರಬಹುದು, ಸಾವಿನ್ಯೋನ್ ಮೂರನೆಯದರ ಕಡೆಯದು.

ಸರ್ವಿಸ್ ಟ್ರೇ:

ಮೇಲಿನವರು ಆಮ್ಲದ್ದು ಹೇಳಿಯಾಯ್ತು, ನಾನು ಗ್ಲಾಸು ಮತ್ತು ತಂಪಿನ ಬಗ್ಗೆ ಹೇಳ್ತೇನೆ. ನಮ್ಮ ಊರಲ್ಲಿ ಅರ್ಧ ಗಲಾಟೆ ಆಗುದು ಇಲ್ಲೇ.

ಮಂಗಳೂರಿನ ಮನೆಯೊಳಗಿನ ಉಷ್ಣತೆ 30 ಡಿಗ್ರಿ ಅಂತ ಇಟ್ಕೊಳ್ಳಿ. ಆ ಬಾಟ್ಲಿ ಫ್ರಿಜ್ಜಿನಲ್ಲಿ ಸರಿಯಾಗಿ ತಣ್ಣಗಾಗ್ಲಿಕ್ಕೆ ಮೂರು ಗಂಟೆಯಾದ್ರೂ ಬೇಕು. ಅವಸರ ಇದ್ರೆ ಒಂದು ಬಕೆಟಿಗೆ ಅರ್ಧ ಐಸ್, ಅರ್ಧ ನೀರು, ಎರಡು ಮುಷ್ಟಿ ಕಲ್ಲುಪ್ಪು ಹಾಕಿ ಕುತ್ತಿಗೆವರೆಗೆ ಬಾಟ್ಲಿ ಮುಳುಗಿಸಿ, 15-20 ನಿಮಿಷ ಸಾಕು. ಬರೀ ಐಸ್ ಹಾಕಿದ್ರೆ ಗಡ್ಡೆಗಳ ಮಧ್ಯೆ ಗಾಳಿ ಉಳೀತದೆ, ತಂಪು ಬಾಟ್ಲಿಗೆ ತಾಗುದೇ ಇಲ್ಲ. ನೀರು ಇದ್ರೆ ಸುತ್ತ ತಾಗ್ತದೆ, ಉಪ್ಪು ಹಾಕಿದ್ರೆ ಆ ನೀರು ಸೊನ್ನೆಗಿಂತ ಕೆಳಗೆ ಹೋಗ್ತದೆ. ಫ್ರೀಜರಿನಲ್ಲಿ ಇಡುವವರು ಮೊಬೈಲಿನಲ್ಲಿ 30 ನಿಮಿಷದ ಅಲಾರಂ ಇಡಿ. ವೈನ್ ಮೈನಸ್ 5-6 ಡಿಗ್ರಿಯಲ್ಲಿ ಗಟ್ಟಿಯಾಗ್ಲಿಕ್ಕೆ ಶುರು, ಮನೆಯ ಫ್ರೀಜರ್ ಮೈನಸ್ 18. ಮರೆತು ಬಿಟ್ರೆ ಹಿಗ್ಗಿ ಕಾರ್ಕ್ ಮೇಲೆ ಬರ್ತದೆ, ಇಲ್ಲ ಬಾಟ್ಲಿಯೇ ಬಿರುಕು ಬಿಡ್ತದೆ.

ಬಡಿಸುವಾಗ 8 ಡಿಗ್ರಿ ಇರಲಿ. ಒಮ್ಮೆಗೇ ಗ್ಲಾಸ್ ತುಂಬಿಸ್ಬೇಡಿ. ಸೆಕೆಯಲ್ಲಿ ಗ್ಲಾಸಿನ ವೈನ್ 10-15 ನಿಮಿಷಕ್ಕೆ ಬಿಸಿಯಾಗಿ ಸಪ್ಪೆ ಹೊಡೀತದೆ. ಒಬ್ಬರಿಗೆ 60 ಮಿಲಿ ಹಾಕಿ. ಆರು ಮಂದಿಗೆ 360 ಆಯ್ತು, 750ರ ಬಾಟ್ಲಿಯಲ್ಲಿ ಸರಿಯಾಗಿ ಎರಡು ಸುತ್ತು. ಮಧ್ಯೆ ಬಾಟ್ಲಿ ಐಸ್ ನೀರಿಗೇ ಹೋಗ್ಲಿ, ಮೇಜಿನ ಮೇಲೆ ಬೇಡ. ಗ್ಲಾಸನ್ನು ಕಾಲಿನಲ್ಲಿ ಹಿಡೀರಿ, ಹೊಟ್ಟೆಯಲ್ಲಿ ಹಿಡಿದ್ರೆ ಕೈಯ ಬಿಸಿ ಹೋಗ್ತದೆ. ಬಾಯಿ ಒಳಕ್ಕೆ ಬಾಗಿದ, 200-300 ಮಿಲಿ ಹಿಡಿಯುವ ಯಾವ ಕಾಲಿನ ಗ್ಲಾಸೂ ಆಗ್ತದೆ. ಸ್ಟೀಲ್ ಲೋಟ, ಪ್ಲಾಸ್ಟಿಕ್ ಕಪ್ ಬೇಡವೇ ಬೇಡ.

ಇನ್ನು ಯಾರೂ ಹೇಳದ ಒಂದು ವಿಷಯ. ಮಳೆಗಾಲದಲ್ಲಿ ನಮ್ಮ ಕಪಾಟಿನ ಒಳಗೆ ಮುಗ್ಗಲು ವಾಸನೆ ಇರ್ತದೆ. ಗ್ಲಾಸನ್ನು ಬೋರಲು ಹಾಕಿ ಇಟ್ರೆ ಆ ವಾಸನೆ ಒಳಗೇ ನಿಲ್ತದೆ. ಅದರಲ್ಲಿ ಎಂಥ ವೈನ್ ಹಾಕಿದ್ರೂ ನೆನೆದ ರಟ್ಟಿನ ವಾಸನೆಯೇ, ಎಲ್ಲರೂ "ಕಾರ್ಕ್ ಹಾಳು" ಅಂತ ಬಾಟ್ಲಿಯನ್ನು ಬೈಯ್ತಾರೆ. ಸೋಪು ಹಾಕದೆ ಬಿಸಿ ನೀರಲ್ಲಿ ತೊಳೆದು, ಹಳೆ ಹತ್ತಿ ಬಟ್ಟೆಯಲ್ಲಿ ಒರಸಿ, ಬರೀ ಗ್ಲಾಸನ್ನು ಒಮ್ಮೆ ಮೂಸಿ ನೋಡಿ. ಮತ್ತೆ ಅಗರಬತ್ತಿ, ಸೆಂಟು, ಮಲ್ಲಿಗೆ ಚೆಂಡು ಎಲ್ಲ ಆ ಒಂದು ಗಂಟೆ ಬೇರೆ ಕೋಣೆಯಲ್ಲಿರಲಿ.

ಉಳ್ಳಾಲ 03:

ಗ್ಲಾಸಿಗೇ ಎರಡು ಐಸ್ ಹಾಕಿದ್ರೆ ಎಂತ ಆಗ್ತದೆ? ಇಷ್ಟೆಲ್ಲ ರಗಳೆ ಯಾಕೆ?

ಸರ್ವಿಸ್ ಟ್ರೇ:

ಕುಡೀಲಿಕ್ಕೆ ಆದ್ರೆ ಹಾಕಿ, ಯಾರೂ ಕೇಸ್ ಹಾಕುದಿಲ್ಲ. ರುಚಿ ನೋಡ್ಲಿಕ್ಕೆ ಆದ್ರೆ ಬೇಡ. ಫ್ರಿಜ್ಜಿನ ಒಂದು ಐಸ್ ಗಡ್ಡೆ ಕರಗಿದ್ರೆ 15-20 ಮಿಲಿ ನೀರು. 60 ಮಿಲಿ ವೈನಿಗೆ ಅಷ್ಟು ನೀರು ಬಿದ್ರೆ ಹುಳಿ, ಪರಿಮಳ ಎರಡೂ ತೆಳ್ಳಗಾಗ್ತದೆ. ಬೀಜವಿಲ್ಲದ ದ್ರಾಕ್ಷಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ನಾಲ್ಕು ಹಾಕಿ, ನೀರಾಗುದಿಲ್ಲ.

ಹಂಪನಕಟ್ಟೆ ಮೂಗು:

ತಂಪಿನ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರು. 8 ಡಿಗ್ರಿಯಲ್ಲಿ ಶುರು ಮಾಡುವುದು ಸರಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅತಿ ತಂಪಿನಲ್ಲಿ ಪರಿಮಳ ಮೇಲೇಳುವುದಿಲ್ಲ, ಹುಳಿ ಮಾತ್ರ ಮುಂದೆ ನಿಲ್ಲುತ್ತದೆ. ಸಾಧಾರಣ ವೈನಿನ ತಪ್ಪು ಮುಚ್ಚುವುದಕ್ಕೂ ಜನ ಅದನ್ನು ಹೆಪ್ಪುಗಟ್ಟುವಷ್ಟು ತಣ್ಣಗೆ ಕೊಡುತ್ತಾರೆ. ಮೊದಲ ಸುತ್ತಿನ ಅರ್ಧ ಗ್ಲಾಸ್ ಹಾಗೇ ಬಿಟ್ಟು, ಏಳೆಂಟು ನಿಮಿಷದ ಮೇಲೆ ಸುಮಾರು 12 ಡಿಗ್ರಿಗೆ ಬಂದಾಗ ಇನ್ನೊಮ್ಮೆ ಮೂಸಿ. ಒಳ್ಳೆಯದಾದರೆ ಆಗ ಪರಿಮಳ ಅಗಲವಾಗುತ್ತದೆ. ಕಳಪೆಯಾದರೆ ಬೇಯಿಸಿದ ಸೇಬಿನ ವಾಸನೆ, ಸ್ಪಿರಿಟ್ಟಿನ ಬಿಸಿ ಎರಡೂ ಹೊರಗೆ ಬೀಳುತ್ತವೆ.

ರುಚಿ ನೋಡುವ ಕ್ರಮ ಹೀಗೆ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿಯಿರಿ. ಎಳೆಯ ಸಾವಿನ್ಯೋನ್ ತಿಳಿ ಹುಲ್ಲುಬಣ್ಣಕ್ಕೆ ಸ್ವಲ್ಪ ಹಸಿರು ಕಲೆಸಿದಂತೆ ಕಾಣುತ್ತದೆ. ಒಂದೆರಡು ವರ್ಷದ ವೈನ್ ಆಗಲೇ ಚಹಾದ ತಿಳಿಯ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಹೊಕ್ಕಿದೆ ಅಥವಾ ಬಿಸಿಲು ತಿಂದಿದೆ. ಅಲುಗಿಸದೆ ಒಮ್ಮೆ ಮೂಸಿ. ಆಮೇಲೆ ಗ್ಲಾಸಿನ ಬುಡವನ್ನು ಮೇಜಿನ ಮೇಲೇ ಇಟ್ಟು ನಾಲ್ಕು ಸುತ್ತು ತಿರುಗಿಸಿ ಮತ್ತೆ ಮೂಸಿ. ದೀರ್ಘವಾಗಿ ಎಳೆಯಬೇಡಿ, ಗಿಡ್ಡ ಗಿಡ್ಡ ಉಸಿರು ಎರಡು ಮೂರು ಸಾಕು. ಮೂಗು ಬೇಗ ಸೋಲುತ್ತದೆ. ಎರಡು ಚಮಚದಷ್ಟು ಬಾಯಿಗೆ ತೆಗೆದುಕೊಂಡು ಎಲ್ಲ ಕಡೆ ಹರಿಸಿ, ತುಟಿ ಸ್ವಲ್ಪ ತೆರೆದು ಬಿಸಿ ಸಾರು ಸೊರ್‍ರೆನ್ನುವ ಹಾಗೆ ಗಾಳಿ ಒಳಗೆಳೆಯಿರಿ. ನುಂಗಿ ಅಥವಾ ಉಗಿದು, ಮೂಗಿನಿಂದ ಉಸಿರು ಬಿಡಿ. ಹಣ್ಣಿನ ರುಚಿ ಎಷ್ಟು ಸೆಕೆಂಡ್ ಉಳಿಯಿತು? ಐದರೊಳಗೆ ಮಾಯವಾದರೆ ಸಾಧಾರಣ, ಹತ್ತು ದಾಟಿದರೆ ಚೆನ್ನಾಗಿದೆ ಎನ್ನುವುದು ನನ್ನ ಲೆಕ್ಕ. ಹುಳಿ ಮಾತ್ರ ಉಳಿದು ಹಣ್ಣು ಹೋಗಿದ್ದರೆ ಅದು ಬಡ ವೈನ್. ಹುಳಿ ಇದೆ ಎಂಬುದೇ ದೊಡ್ಡಸ್ತಿಕೆ ಅಲ್ಲ.

ಪರಿಮಳಕ್ಕೆ ಗೂಸ್‌ಬೆರಿ ಅದು ಇದು ಎಂದು ಪರದೇಶದ ಹೆಸರು ಹುಡುಕಬೇಡಿ, ನಾವು ತಿಂದೇ ನೋಡದ ಹಣ್ಣು ನೆನಪಿಗೆ ಹೇಗೆ ಬರಬೇಕು? ಸಾವಿನ್ಯೋನ್ ಬ್ಲಾಂಕಿನಲ್ಲಿ ಎರಡು ಗುಂಪು. ಹಸಿರಿನ ಗುಂಪು: ದೊಣ್ಣೆಮೆಣಸು, ಕೊಯ್ದ ಹುಲ್ಲು. ಇದು ಮೆಥಾಕ್ಸಿಪೈರಜೀನ್ ಎಂಬ ವಸ್ತುವಿನಿಂದ. ದೊಣ್ಣೆಮೆಣಸಿನಲ್ಲೂ ಅದೇ ಇರುವುದು. ದ್ರಾಕ್ಷಿ ಹಣ್ಣಾಗುತ್ತ, ಗೊಂಚಲಿಗೆ ಬಿಸಿಲು ಬೀಳುತ್ತ ಇದು ಇಳಿಯುತ್ತದೆ. ಹಣ್ಣಿನ ಗುಂಪು: ಚಕ್ಕೋತ, ಪೇರಳೆ, ಶರಬತ್ತು ಹಣ್ಣು. ಇದು ಥಯಾಲ್ ಎಂಬ ಗಂಧಕದ ಸಂಯುಕ್ತಗಳಿಂದ, ಹುದುಗು ಬರುವಾಗ ಯೀಸ್ಟ್ ಬಿಡಿಸಿಕೊಡುತ್ತದೆ. ನ್ಯೂಜಿಲೆಂಡಿನ ಮಾರ್ಲ್‌ಬರೋ ವೈನಿನಲ್ಲಿ ಎರಡೂ ಜೋರು. ಫ್ರಾನ್ಸಿನ ಸಾನ್ಸೇರ್ ಸಾಮಾನ್ಯವಾಗಿ ಮೆಲುದನಿ, ನಿಂಬೆಸಿಪ್ಪೆ ಮತ್ತು ಒದ್ದೆ ಕಲ್ಲಿನ ಕಡೆಗೆ. ಶೆನಿನ್ ಬ್ಲಾಂಕಿನಲ್ಲಿ ಸೇಬು, ಪೇರ್, ಕೆಲವೊಮ್ಮೆ ಜೇನು ಹುಡುಕಿ.

ದೋಷದ ವಾಸನೆ ಮೂರನ್ನು ಬೇರೆ ಮಾಡಲು ಕಲಿತರೆ ಸಾಕು. ನೆನೆದ ರಟ್ಟು: ಗ್ಲಾಸ್ ಬದಲಿಸಿ ನೋಡಿದರೂ ಇದ್ದು, ಹೊತ್ತು ಹೋದಂತೆ ಹೆಚ್ಚಾದರೆ ಕಾರ್ಕಿನದ್ದೇ ದೋಷ, ಆ ಬಾಟ್ಲಿ ಬಿಡಿ. ಸುಟ್ಟ ಬೆಂಕಿಕಡ್ಡಿ ಅಥವಾ ಕೊಳೆತ ಮೊಟ್ಟೆ: ಗಾಳಿ ಸಾಲದೆ ಹುಟ್ಟಿದ ಗಂಧಕದ ವಾಸನೆ, ತಿರುಗುಮುಚ್ಚಳದ ಬಾಟ್ಲಿಗಳಲ್ಲಿ ಆಗಾಗ ಸಿಗುತ್ತದೆ, ಹತ್ತು ನಿಮಿಷ ಗ್ಲಾಸಿನಲ್ಲಿ ತಿರುಗಿಸಿದರೆ ಹೋಗುವುದೂ ಉಂಟು. ಮೊಟ್ಟೆ ವಾಸನೆ ಹಟ ಹಿಡಿದರೆ ತೊಳೆದ ತಾಮ್ರದ ತುಂಡೊಂದನ್ನು ಅರ್ಧ ನಿಮಿಷ ಅದ್ದಿ ತೆಗೆಯಿರಿ. ದೇವರ ಕೋಣೆಯ ಉದ್ಧರಣೆ ಮಾತ್ರ ತರಬೇಡಿ, ಮನೆಯಲ್ಲಿ ಬೇರೆಯೇ ಹುದುಗು ಏಳುತ್ತದೆ. ಮೂರನೆಯದು ಜಜ್ಜಿದ ಸೇಬು, ಒಣಗಿದ ಬೀಜಗಳ ವಾಸನೆ: ಗಾಳಿ ತಿಂದದ್ದು, ಇದಕ್ಕೆ ಮದ್ದಿಲ್ಲ.

ಮಲ್ಪೆ ಬಲೆ:

ಮೀನಿನ ವಿಷಯಕ್ಕೆ ಬರುವ.

ಕಾಣೆ ರವಾ ಫ್ರೈ ಮತ್ತು ಸಾವಿನ್ಯೋನ್ ಬ್ಲಾಂಕ್: ಕಣ್ಣು ಮುಚ್ಚಿ ಮಾಡಿ. ಬಿಳಿ ಮಾಂಸ, ಮೇಲೆ ಎಣ್ಣೆಯ ಗರಿಗರಿ. ವೈನಿನ ಹುಳಿ ಎಣ್ಣೆಯನ್ನು ಕತ್ತರಿಸ್ತದೆ, ನಾವು ಫ್ರೈ ಮೇಲೆ ನಿಂಬೆ ಹಿಂಡುವ ಕೆಲಸವನ್ನೇ ಅದು ಮಾಡುದು. ಹಾಗಾಗಿ ನಿಂಬೆ ತುಂಡು ಬದಿಗಿಡಿ. ಮಸಾಲೆಗೆ ಮೆಣಸಿನ ಪುಡಿ ಅರ್ಧಕ್ಕಿಳಿಸಿ. ಖಾರದ ಉರಿಯನ್ನು ಆಲ್ಕೋಹಾಲ್ ಏರಿಸ್ತದೆ, 13 ಪರ್ಸೆಂಟಿನ ವೈನ್ ಖಾರದ ಬಾಯಿಗೆ ಬಿದ್ರೆ ಬೆಂಕಿ. ಉಪ್ಪು ಕಡಿಮೆ ಮಾಡ್ಬೇಡಿ, ಉಪ್ಪು ಇದ್ರೆ ವೈನಿನ ಹುಳಿ ನಾಲಿಗೆಗೆ ಮೆದುವಾಗಿ ತೋರ್ತದೆ.

ಪುಳಿಮುಂಚಿ ಕಷ್ಟ ಉಂಟು. ಪುನರ್ಪುಳಿಯವರು ಹೇಳಿದ ಹಾಗೆ ಹುಣಸೆಯದ್ದೂ ವೈನಿನದ್ದೂ ಒಂದೇ ಆಮ್ಲ, ಆದ್ರೆ ಪುಳಿಮುಂಚಿಯಲ್ಲಿ ಅದು ಗಟ್ಟಿಯಾಗಿ ಕೂತಿರ್ತದೆ. ಊಟದ ಹುಳಿ ವೈನಿಗಿಂತ ಹೆಚ್ಚಾದ್ರೆ ವೈನ್ ನೀರಿನ ಹಾಗೆ. ಮೇಲಿಂದ ಬ್ಯಾಡಗಿ ಮೆಣಸು. ಇದಕ್ಕೆ ಸ್ವಲ್ಪ ಸಿಹಿ ಉಳಿದ ಶೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್ ಇಡಿ, ಸಿಹಿ ಖಾರವನ್ನು ತಡೀತದೆ. ಜೊತೆಗೆ ನೀರುದೋಸೆ ಇದ್ರೆ ಇನ್ನೂ ಅನುಕೂಲ, ಗುಟುಕಿನ ಮಧ್ಯೆ ನಾಲಿಗೆ ತೊಳೀಲಿಕ್ಕೆ ಅದಕ್ಕಿಂತ ಒಳ್ಳೆದು ಬೇರೆ ಇಲ್ಲ.

ಬಂಗುಡೆ, ಬೂತಾಯಿ ಎಣ್ಣೆ ಮೀನುಗಳು. ವೈನಿನಲ್ಲಿ ಕಬ್ಬಿಣದ ಅಂಶ ಇದ್ರೆ ಆ ಎಣ್ಣೆಯ ಜೊತೆ ಸೇರಿ ಬಾಯಲ್ಲಿ ತುಕ್ಕು ಹಿಡಿದ ಮೀನಿನ ವಾಸನೆ ಬರ್ತದೆ. ರೆಡ್ ವೈನಿನಲ್ಲಿ ಇದು ಜಾಸ್ತಿ, ವೈಟಿನಲ್ಲೂ ಒಮ್ಮೊಮ್ಮೆ ಸಿಗ್ತದೆ. ಮೀನು ಆ ದಿನದ್ದೇ ಆಗಿರ್ಬೇಕು, ಹಳತಾದಷ್ಟು ಈ ವಾಸನೆ ಏರ್ತದೆ.

ತೆಂಗಿನ ತುರಿ ಹಾಕಿದ ಮರುವಾಯಿ (ಚಿಪ್ಪುಮೀನು) ಸುಕ್ಕ, ಖಾರ ಹದ ಮಾಡಿ, ಸಾವಿನ್ಯೋನಿಗೆ ಚಂದ ಆಗ್ತದೆ. ಸ್ಪೇನಿನ ಅಲ್ಬರೀನ್ಯೋ, ಫ್ರಾನ್ಸಿನ ಮುಸ್ಕಡೆ ಎರಡೂ ಕಡಲ ಬದಿಯ ವೈನ್‌ಗಳು, ಅಲ್ಲಿಯ ಜನ ಚಿಪ್ಪಿನ ಜೊತೆಗೇ ಕುಡಿಯುದು. ಮೀನು ತಿನ್ನದವರಿಗೆ ಮಟ್ಟುಗುಳ್ಳದ ಪೋಡಿ ಮಾಡಿ. ಘೀ ರೋಸ್ಟ್, ಕೋರಿರೊಟ್ಟಿಗೆ ಈ ವೈನ್ ತರ್ಬೇಡಿ, ಎರಡೂ ಹಾಳು.

ಆದ್ರೆ ಒಂದು ಮಾತು: ಮೊದಲ ಸುತ್ತು ಖಾಲಿ ಬಾಯಲ್ಲಿ ಮಾಡಿ. ಅಡುಗೆ ಮನೆಯಲ್ಲಿ ಕಾಣೆ ಕಾಯಿಸುವಾಗ ಗ್ಲಾಸ್ ಮೂಸಿದ್ರೆ ನಿಮಗೆ ಸಿಗುದು ತೆಂಗಿನೆಣ್ಣೆ ಮಾತ್ರ.

ಕೊಟ್ಟಾರದ ಕುತೂಹಲಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇನ್ನೆರಡು ಸಂಶಯ. ಬಾಟ್ಲಿ ಇನ್ನೂ ತಂದಿಲ್ಲ, ಅಂಗಡಿಯಲ್ಲಿ ಎಂತ ನೋಡಿ ತೆಗೀಬೇಕು? ಮತ್ತೆ ಫ್ರಿಜ್ಜಿನಲ್ಲಿಟ್ಟ ವೈನಿನ ತಳದಲ್ಲಿ ಸಕ್ಕರೆ ಹರಳಿನ ಹಾಗೆ ಬರ್ತದೆ ಅಂತಾರಲ್ಲ, ಅದು ಕಲಬೆರಕೆಯಾ?

ಪುನರ್ಪುಳಿ:

ಕಲಬೆರಕೆ ಅಲ್ಲ. ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ತಂಪಿಗೆ ಹರಳುಗಟ್ಟಿದ್ದು. ಬೇಕರಿಯವರು ಬಳಸುವ ಕ್ರೀಮ್ ಆಫ್ ಟಾರ್ಟರ್ ಅದೇ ವಸ್ತು. ತಳದಲ್ಲಿ ಬಿಟ್ಟು ಮೇಲಿನದನ್ನು ಮೆಲ್ಲ ಬಗ್ಗಿಸಿ.

ಅಂಗಡಿಯ ವಿಷಯ: ನಮ್ಮಲ್ಲಿ ವೈನ್ ಶಾಪ್ ಎಂಬ ಬೋರ್ಡಿನ ಕೆಳಗೆ ವೈನಿಗೇ ಜಾಗ ಕಡಿಮೆ. ಶೋಕೇಸಿನಲ್ಲಿ ಬಿಸಿಲಿಗೆ ನಿಂತ ಬಾಟ್ಲಿ ಬೇಡ, ಒಳಗಿನ ರಟ್ಟಿನ ಪೆಟ್ಟಿಗೆಯಿಂದ ಕೊಡಲು ಹೇಳಿ. ಬಣ್ಣವಿಲ್ಲದ ಗಾಜಿನ ಬಾಟ್ಲಿಗೆ ಬೆಳಕು ಬಿದ್ದರೆ ಕೆಲವೇ ದಿನಗಳಲ್ಲಿ ಬೆಂದ ಕೋಸಿನ ವಾಸನೆ ಬರಬಹುದು. ಹಸಿರು ಗಾಜು ಮೇಲು. ಕಾರ್ಕ್ ಕುತ್ತಿಗೆಯಿಂದ ಮೇಲೆದ್ದಿದ್ದರೆ, ಕುತ್ತಿಗೆ ಅಂಟಂಟಾಗಿದ್ದರೆ ಅದು ಎಲ್ಲೋ ಕಾದು ಉಕ್ಕಿದೆ. ತಿರುಗುಮುಚ್ಚಳ ಇದ್ದರೆ ಅಗ್ಗದ್ದು ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯವರು 2000ದಲ್ಲೇ ತಮ್ಮ ರೀಸ್ಲಿಂಗಿಗೆ ಅದನ್ನು ಹಾಕಲು ಹೊರಟರು, ಕಾರ್ಕಿನ ರಟ್ಟುವಾಸನೆಯ ಕಾಟ ತಪ್ಪಿಸಲೆಂದೇ.

ಲೇಬಲ್ಲಿನಲ್ಲಿ ದ್ರಾಕ್ಷಿ ಕೊಯ್ದ ವರ್ಷ ನೋಡಿ. ಸಾವಿನ್ಯೋನ್ ಬ್ಲಾಂಕ್ ಎರಡು ವರ್ಷದೊಳಗಿನದು ಇರಲಿ. ಆ ಪೇರಳೆ, ಶರಬತ್ತು ಹಣ್ಣಿನ ಪರಿಮಳವೇ ಮೊದಲು ಹೋಗುವುದು, ಬಿಸಿಯಲ್ಲಿ ಇನ್ನೂ ಬೇಗ. ನಂದಿಬೆಟ್ಟದ ಬುಡದ ಗ್ರೋವರ್, ಹಂಪಿ ಕಡೆಯ ಕ್ರಿಸ್ಮಾ, ನಾಸಿಕದ ಸುಲಾ ಎಲ್ಲರೂ ಸಾವಿನ್ಯೋನ್ ಬ್ಲಾಂಕ್ ಮಾಡುತ್ತಾರೆ. ಬಿಸಿ ನಾಡಿನಲ್ಲಿ ದ್ರಾಕ್ಷಿ ಹಣ್ಣಾಗುವಾಗ ಮ್ಯಾಲಿಕ್ ಆಮ್ಲ ಬೇಗ ಕರಗಿ ಹೋಗುತ್ತದೆ. ಅದಕ್ಕೇ ನಂದಿಯಂಥ, ಸುಮಾರು 900 ಮೀಟರ್ ಎತ್ತರದ, ರಾತ್ರಿ ತಂಪಿರುವ ಜಾಗಕ್ಕೆ ಬೆಲೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ, ಬಳ್ಳಿಗೆ ಬೂಜು ಹಿಡಿಯದೆ ಬಿಡುವುದಿಲ್ಲ. ಇಲ್ಲಿ ಪುನರ್ಪುಳಿಯೇ ಸರಿ.

ಸಿಹಿಯ ಅಂದಾಜು: ಯುರೋಪಿನ ನಿಯಮದಲ್ಲಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಇದ್ದರೆ ಡ್ರೈ, ಅಂದರೆ ಸಿಹಿಯಿಲ್ಲದ್ದು. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಡ್ರೈ ಎನ್ನಬಹುದು. ನಿಮ್ಮ ನಾಲ್ಕನೆಯ ಲೋಟದ ಪಾಠ ಇದೇ. ನಮ್ಮ ದೇಶದ ಶೆನಿನ್ ಬ್ಲಾಂಕ್‌ಗಳಲ್ಲಿ ಸ್ವಲ್ಪ ಸಿಹಿ ಉಳಿಸಿದವು ಹಲವು, ಲೇಬಲ್ಲಿನ ಹಿಂಬದಿ ಓದಿ.

ಉಳ್ಳಾಲ 03:

ಮತ್ತೆ ಯಾವುದನ್ನು ಮೊದಲು ತೆರೀಬೇಕು? ಮಿಕ್ಕಿದ್ರೆ?

ಹಂಪನಕಟ್ಟೆ ಮೂಗು:

ಸಾವಿನ್ಯೋನ್ ಮೊದಲು, ಶೆನಿನ್ ಆಮೇಲೆ. ಸಿಹಿ ಹತ್ತಿದ ನಾಲಿಗೆಗೆ ಡ್ರೈ ವೈನ್ ಇರುವುದಕ್ಕಿಂತ ಎರಡರಷ್ಟು ಹುಳಿ ಅನ್ನಿಸುತ್ತದೆ, ಆಗ ನಿಮ್ಮ ಗೆಳೆಯರು ನಿಜಕ್ಕೂ ಚೆಲ್ಲಿಯಾರು. ಅದೇ ಕಾರಣಕ್ಕೆ ಶುರುವಿನಲ್ಲಿ ಚಹಾ, ಸೋಡಾ, ಪುದೀನದ ಚೂಯಿಂಗ್ ಗಮ್ ಬೇಡ. ಹಲ್ಲುಜ್ಜಿ ಕನಿಷ್ಠ ಒಂದು ಗಂಟೆ ಆಗಿರಲಿ. ಮಧ್ಯೆ ಉಪ್ಪಿಲ್ಲದ ಬ್ರೆಡ್ ಚೂರು, ಸಾದಾ ನೀರು.

ಮಿಕ್ಕಿದ್ದನ್ನು ತೊಳೆದು ಒಣಗಿಸಿದ ಸಣ್ಣ ಗಾಜಿನ ಬಾಟ್ಲಿಗೆ ಕಂಠದವರೆಗೆ ತುಂಬಿಸಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮೂರು ದಿನ ನಿಲ್ಲುತ್ತದೆ. ಅರ್ಧ ಖಾಲಿ ದೊಡ್ಡ ಬಾಟ್ಲಿಯಲ್ಲೇ ಬಿಟ್ಟರೆ ಒಳಗಿನ ಗಾಳಿ ಮರುದಿನಕ್ಕೇ ಪರಿಮಳ ತಿನ್ನುತ್ತದೆ. ನಾಲ್ಕನೆಯ ದಿನಕ್ಕೆ ಉಳಿದರೆ ಮರುವಾಯಿ ಬೇಯಿಸುವ ನೀರಿಗೆ ಅರ್ಧ ಲೋಟ ಹಾಕಿ.